ಮಾಪಕವಿಲ್ಲದ ಊರಿನ ಮಳೆ

2005ರ ಜುಲೈ 26ರಂದು ಮುಂಬೈಯಲ್ಲಿ ಸುರಿದ ಮಳೆಯನ್ನು ಮಳೆ ನಕ್ಷೆ ಬರೆಯುವವರು ಮರೆಯುವ ಹಾಗಿಲ್ಲ. ಮರುದಿನ ಬೆಳಿಗ್ಗೆ ಎಂಟೂವರೆಗೆ ಮುಗಿದ 24 ಗಂಟೆಗಳಲ್ಲಿ ಸಾಂತಾಕ್ರೂಜ್ ಕೇಂದ್ರದಲ್ಲಿ 944 ಮಿಲಿಮೀಟರ್ ದಾಖಲಾಯಿತು. ಅದೇ ನಗರದ ದಕ್ಷಿಣ ತುದಿಯಲ್ಲಿರುವ ಕೊಲಾಬಾದಲ್ಲಿ ಬಿದ್ದದ್ದು 73 ಮಿ.ಮೀ. ಎರಡೂ ಕೇಂದ್ರಗಳ ನಡುವಿನ ನೇರ ಅಂತರ ಸುಮಾರು 25 ಕಿಲೋಮೀಟರ್. ಒಂದು ಕಡೆ ಜನ ಕತ್ತಿನ ಮಟ್ಟದ ನೀರಿನಲ್ಲಿ ನಿಂತಿದ್ದರು, ಇನ್ನೊಂದು ಕಡೆ ಅದು ಮುಂಬೈಗೆ ಮಾಮೂಲಾದ ಒಂದು ಜೋರು ಮಳೆಯ ದಿನವಷ್ಟೇ ಆಗಿತ್ತು.

ದಾದರ್ ಈ ಎರಡರ ಹೆಚ್ಚುಕಡಿಮೆ ನಡುವೆ ಬರುತ್ತದೆ. ಅಲ್ಲಿ ಎಷ್ಟು ಮಳೆ ಬಿದ್ದಿರಬಹುದು? ನಮ್ಮ ಕೈಯಲ್ಲಿ ಈ ಎರಡೇ ಅಂಕಿಗಳಿವೆ ಎಂದಿಟ್ಟುಕೊಂಡು ನಕ್ಷೆಯ ತಂತ್ರಾಂಶವನ್ನು ಕೇಳಿದರೆ, ಒಂದು ಬಟನ್ ಹೇಳುವ ಉತ್ತರ 944. ದಾದರ್ ಸಾಂತಾಕ್ರೂಜ್‌ಗೆ ಸ್ವಲ್ಪ ಹತ್ತಿರ, ಅದಕ್ಕೆ. ಒಂದೆರಡು ಕಿಲೋಮೀಟರ್ ದಕ್ಷಿಣಕ್ಕೆ ಸರಿದು ಅದೇ ಬಟನ್ ಒತ್ತಿದರೆ ಉತ್ತರ ಏಕಾಏಕಿ 73ಕ್ಕೆ ಇಳಿಯುತ್ತದೆ. ಪಕ್ಕದ ಇನ್ನೊಂದು ಬಟನ್ ಐನೂರು ಆರುನೂರರ ನಡುವಿನ ಒಂದು ಅಂಕಿ ಕೊಡುತ್ತದೆ. ಎರಡೂ ಅಚ್ಚುಕಟ್ಟಾದ ನಕ್ಷೆಗಳನ್ನೇ ಬರೆಯುತ್ತವೆ. ನೋಡುವವರಿಗೆ ಎರಡರ ಮೇಲೂ ಅನುಮಾನ ಬರುವುದಿಲ್ಲ.

ಈ ಅಧ್ಯಾಯ ಆ ಬಟನ್‌ಗಳ ಕುರಿತಾದದ್ದು. ಮಳೆ ನಕ್ಷೆಯಲ್ಲಿ ನಮಗೆ ಕಾಣುವ ಬಣ್ಣದ ಬಹುಪಾಲು ಯಾರೂ ಅಳೆಯದ ಮಳೆಗೆ ಸೇರಿದ್ದು. ಅಳೆದ ಜಾಗಗಳು ಒಂದಷ್ಟು ಚುಕ್ಕೆಗಳು ಮಾತ್ರ. ಉಳಿದ ನೆಲವನ್ನೆಲ್ಲ ತುಂಬುವುದು ಟೂಲ್‌ಬಾರಿನ ಸಲಕರಣೆಗಳು. ಅವು ಹೇಗೆ ತುಂಬುತ್ತವೆ ಎಂದು ತಿಳಿಯದೆ ಒತ್ತುತ್ತ ಹೋದರೆ, ಆ ನೆಲದ ಬಗ್ಗೆ ನಾವು ತೆಗೆದುಕೊಳ್ಳಬೇಕಾದ ತೀರ್ಮಾನವನ್ನು ತಂತ್ರಾಂಶವೇ ತೆಗೆದುಕೊಂಡಿರುತ್ತದೆ.

ಉದಾಹರಣೆಗೆ ಕ್ಯೂಜಿಐಎಸ್ ತಂತ್ರಾಂಶವನ್ನು ಹಿಡಿಯೋಣ. 2002ರಲ್ಲಿ ಗ್ಯಾರಿ ಶೆರ್ಮನ್ ಶುರುಮಾಡಿದ ಈ ಯೋಜನೆ ಇಂದು ಜಗತ್ತಿನಾದ್ಯಂತದ ಸ್ವಯಂಸೇವಕರ ದುಡಿಮೆಯಿಂದ ಬೆಳೆದಿದೆ. ಉಚಿತ, ಸಾಧಾರಣ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ, ಕಾಲೇಜು ಹುಡುಗರಿಂದ ಹಿಡಿದು ನೀರಾವರಿ ಎಂಜಿನಿಯರುಗಳವರೆಗೆ ಬಳಸುತ್ತಾರೆ. ಬೇರೆ ತಂತ್ರಾಂಶಗಳಲ್ಲಿ ಬಟನ್‌ಗಳ ಜಾಗ ಬದಲಾಗಬಹುದು, ಹಿಂದಿನ ಗಣಿತ ಅದೇ. ನೆಲಕ್ಕೆ ಕರ್ನಾಟಕಕ್ಕಿಂತ ಒಳ್ಳೆಯ ಪರೀಕ್ಷಾ ಕಣ ಸಿಗುವುದು ಕಷ್ಟ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಅಲ್ಲಿಂದ ನೇರವಾಗಿ 70 ಕಿಲೋಮೀಟರ್ ದೂರದ ಶಿವಮೊಗ್ಗ ಪಟ್ಟಣಕ್ಕೆ ಬರುವಷ್ಟರಲ್ಲಿ ಅದು ಸಾವಿರದ ಆಸುಪಾಸಿಗೆ ಕುಸಿದಿರುತ್ತದೆ. ಇನ್ನೂ ಪೂರ್ವಕ್ಕೆ, ಚಿತ್ರದುರ್ಗದ ಸೀಮೆಯಲ್ಲಿ ಆರುನೂರು ಬಂದರೆ ಆ ವರ್ಷ ರೈತರಿಗೆ ಸಮಾಧಾನ. ಇಷ್ಟು ಕಡಿದಾದ ಇಳಿತವನ್ನು ಸರಿಯಾಗಿ ತೋರಿಸಬಲ್ಲ ಸಲಕರಣೆಯನ್ನು ಬೇರೆ ಕಡೆಯೂ ನಂಬಬಹುದು.

ಮೊದಲ ಕೆಲಸ ಅಂಕಿಗಳನ್ನು ಒಳಗೆ ತರುವುದು. ಊರಿನ ಹೆಸರು, ಅಕ್ಷಾಂಶ, ರೇಖಾಂಶ, ಮಳೆ ಎಂಬ ನಾಲ್ಕು ಕಾಲಂಗಳ ಸಿಎಸ್‌ವಿ ಕಡತವೊಂದಿದ್ದರೆ ಸಾಕು. ತಂತ್ರಾಂಶ ಎಕ್ಸ್ ಮತ್ತು ವೈ ಯಾವುವು ಎಂದು ಕೇಳುತ್ತದೆ. ಎಕ್ಸ್ ಎಂದರೆ ರೇಖಾಂಶ, ವೈ ಎಂದರೆ ಅಕ್ಷಾಂಶ. ನಾವು ಬಾಯಿಮಾತಿನಲ್ಲಿ ಅಕ್ಷಾಂಶವನ್ನೇ ಮೊದಲು ಹೇಳುವುದರಿಂದ ಇವೆರಡು ಅದಲುಬದಲಾಗುವುದು ತೀರಾ ಸುಲಭ. ಆಗ ಆಗುಂಬೆಯ ಚುಕ್ಕೆ ನಾರ್ವೆಗೂ ಸ್ವಾಲ್ಬಾರ್ಡ್ ದ್ವೀಪಗಳಿಗೂ ನಡುವಿನ ತಣ್ಣನೆಯ ಸಮುದ್ರದಲ್ಲಿ ಹೋಗಿ ಕೂರುತ್ತದೆ. ಈ ತಪ್ಪು ಕಣ್ಣಿಗೆ ಕಾಣುವುದರಿಂದ ಅಪಾಯಕಾರಿಯಲ್ಲ. ಕಾಣದೆ ಉಳಿಯುವ ತಪ್ಪುಗಳು ಮಳೆಯ ಕಾಲಂನಲ್ಲಿರುತ್ತವೆ. ಮಳೆ ಬಾರದ ದಿನದ ಸೊನ್ನೆಯೂ ಅಳತೆಯನ್ನೇ ತೆಗೆದುಕೊಳ್ಳದ ದಿನದ ಖಾಲಿ ಜಾಗವೂ ಒಂದೇ ಅಲ್ಲ. ಖಾಲಿ ಜಾಗಕ್ಕೆ ಯಾರೋ ಸೊನ್ನೆ ತುಂಬಿದರೆ ಮಲೆನಾಡಿನ ನಡುವೆ ಒಂದು ಮರುಭೂಮಿ ಹುಟ್ಟುತ್ತದೆ. ಭಾರತೀಯ ಹವಾಮಾನ ಇಲಾಖೆ ತನ್ನ ಚೌಕಜಾಲದ ದತ್ತಾಂಶದಲ್ಲಿ ಅಳತೆಯಿಲ್ಲದ ಕಡೆ ಮೈನಸ್ 999 ಎಂದು ಬರೆದಿರುತ್ತದೆ. ಅದು ಮಳೆಯಲ್ಲ, ಗುರುತು ಎಂದು ತಂತ್ರಾಂಶಕ್ಕೆ ಹೇಳದಿದ್ದರೆ ಅದನ್ನೂ ಸೇರಿಸಿ ಸರಾಸರಿ ತೆಗೆದುಬಿಡುತ್ತದೆ. ಕಾಲಂನಲ್ಲಿ ಎಲ್ಲೋ ಒಂದು ಕಡೆ ಅಡ್ಡಗೆರೆಯೋ ಅಕ್ಷರವೋ ಇದ್ದರೆ ಇಡೀ ಕಾಲಂ ಪಠ್ಯವೆಂದು ಪರಿಗಣಿತವಾಗಿ, ಮುಂದೆ ನಕ್ಷೆ ಮಾಡಲು ಹೊರಟಾಗ ಪಟ್ಟಿಯಲ್ಲಿ ಮಳೆಯ ಹೆಸರೇ ಕಾಣುವುದಿಲ್ಲ. ಹೊಸಬರು ಗಂಟೆಗಟ್ಟಲೆ ತಲೆಕೆಡಿಸಿಕೊಳ್ಳುವುದು ಇಲ್ಲಿಯೇ.

ದಿನಾಂಕದ ವಿಷಯವೂ ಇದೆ. ನಮ್ಮಲ್ಲಿ ಮಳೆಯ ದಿನ ಮಧ್ಯರಾತ್ರಿಗೆ ಮಗ್ಗುಲು ಬದಲಿಸುವುದಿಲ್ಲ, ಬೆಳಿಗ್ಗೆ ಎಂಟೂವರೆಗೆ ಬದಲಿಸುತ್ತದೆ. ಜುಲೈ 5ರ ಮಳೆ ಎಂದು ಪಟ್ಟಿಯಲ್ಲಿರುವುದು 4ರ ಬೆಳಿಗ್ಗೆ ಎಂಟೂವರೆಯಿಂದ 5ರ ಬೆಳಿಗ್ಗೆ ಎಂಟೂವರೆವರೆಗೆ ಬಿದ್ದದ್ದು. ಉಪಗ್ರಹದ ದೈನಿಕ ಅಂಕಿಗಳು ಸಾಮಾನ್ಯವಾಗಿ ಗ್ರೀನ್‌ವಿಚ್ ಕಾಲಮಾನದ ದಿನವನ್ನು ಅನುಸರಿಸುತ್ತವೆ, ಅಂದರೆ ನಮ್ಮ ಗಡಿಯಾರದಲ್ಲಿ ಬೆಳಗಿನ ಜಾವ ಐದೂವರೆಯಿಂದ ಮರುದಿನ ಐದೂವರೆ. ಎರಡನ್ನೂ ಒಂದೇ ದಿನಾಂಕದ ಹೆಸರಿನಲ್ಲಿ ಒಂದರ ಮೇಲೊಂದು ಹಾಕಿದರೆ ಹೊಂದದು. ಕ್ಯೂಜಿಐಎಸ್‌ನಲ್ಲಿ ಗಡಿಯಾರದ ಚಿತ್ರವಿರುವ ಒಂದು ಬಟನ್ ಇದೆ. 2020ರಿಂದ ಬಂದಿರುವ ಈ ಕಾಲನಿಯಂತ್ರಕ ಗಂಟೆಗಂಟೆಯ ಮಳೆಯನ್ನು ಚಲನಚಿತ್ರದಂತೆ ಓಡಿಸುತ್ತದೆ. ನೋಡಲು ಬಹಳ ಚೆನ್ನ. ಓಡಿಸುವ ಮುನ್ನ ಪ್ರತಿ ಪದರದ ದಿನ ಎಷ್ಟು ಗಂಟೆಗೆ ಶುರುವಾಗುತ್ತದೆ ಎಂದು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯ ಅಭ್ಯಾಸ.

ಇನ್ನು ಎಲ್ಲರೂ ಮೊದಲು ಮುಟ್ಟುವ ಬಟನ್‌ಗಳು: ನಕ್ಷೆಯನ್ನು ಎಳೆದಾಡುವ ಹಸ್ತ, ಹಿಗ್ಗಿಸುವ ಭೂತಗನ್ನಡಿ. ಇವುಗಳಿಂದ ನಕ್ಷೆಗೆ ಏನೂ ಆಗುವುದಿಲ್ಲ, ಆದರೆ ನೋಡುವವರ ಮನಸ್ಸಿಗೆ ಆಗುತ್ತದೆ. ಭೂತಗನ್ನಡಿಯಿಂದ ಹಿಗ್ಗಿಸುತ್ತ ಹೋದಂತೆ ನಮ್ಮ ಊರು, ನಮ್ಮ ಕೆರೆ, ನಮ್ಮ ಗದ್ದೆ ಕಾಣಿಸುತ್ತವೆ. ಆ ಗದ್ದೆಯ ಮೇಲಿನ ಬಣ್ಣ ಅದೇ ಗದ್ದೆಯ ಮಳೆ ಎನ್ನುವ ಭಾವನೆ ತಾನಾಗಿ ಬರುತ್ತದೆ. ಹವಾಮಾನ ಇಲಾಖೆಯ ಪ್ರಸಿದ್ಧ ಕಾಲು ಡಿಗ್ರಿ ಚೌಕಜಾಲವನ್ನು ನೋಡಿ. 1901ರಿಂದ ಶುರುವಾಗುವ ದೈನಿಕ ಮಳೆಯ ಅದ್ಭುತ ಭಂಡಾರ ಅದು, 6,955 ಮಳೆಮಾಪಕಗಳ ದಾಖಲೆಗಳಿಂದ ಕಟ್ಟಿದ್ದು. ಅದರ ಒಂದು ಚೌಕ ನಮ್ಮ ಅಕ್ಷಾಂಶದಲ್ಲಿ ಸುಮಾರು 750 ಚದರ ಕಿಲೋಮೀಟರ್. ಘಟ್ಟದ ಮೇಲಿನ ತೋಟ, ಘಟ್ಟದ ಕೆಳಗಿನ ಗದ್ದೆ ಎರಡೂ ಒಂದೇ ಚೌಕದೊಳಗೆ ಬಂದು ಒಂದೇ ಅಂಕಿ ಹಂಚಿಕೊಳ್ಳುತ್ತವೆ. ಎಷ್ಟು ಹಿಗ್ಗಿಸಿದರೂ ಆ ಅಂಕಿ ಒಡೆಯುವುದಿಲ್ಲ.

ಚುಕ್ಕೆಯ ಕಡೆಯಿಂದಲೂ ಇದನ್ನು ಯೋಚಿಸಬೇಕು. ನಮ್ಮ ಸಾಮಾನ್ಯ ಮಳೆಮಾಪಕದ ಬಾಯಿಯ ವಿಸ್ತೀರ್ಣ 200 ಚದರ ಸೆಂಟಿಮೀಟರ್, ಕೆಲವದರದ್ದು 100. ಒಂದು ಚದರ ಕಿಲೋಮೀಟರ್ ನೆಲ ಆ ಬಾಯಿಗಿಂತ ಐದು ಕೋಟಿ ಪಟ್ಟು ದೊಡ್ಡದು. ಅಷ್ಟು ನೆಲದ ಪರವಾಗಿ ಮಾತನಾಡುವ ಹೊಣೆಯನ್ನು ಆ ಪುಟ್ಟ ಬಾಯಿಗೆ ನಾವು ಹೊರಿಸಿದ್ದೇವೆ. ಜೂನ್ ಜುಲೈನ ಹಿಡಿದ ಮಳೆಯಲ್ಲಿ ಅದು ಹೊಣೆಯನ್ನು ಚೆನ್ನಾಗಿಯೇ ನಿಭಾಯಿಸುತ್ತದೆ, ಯಾಕೆಂದರೆ ಆ ಮಳೆ ಹರಡಿಕೊಂಡು ಬೀಳುತ್ತದೆ. ಏಪ್ರಿಲ್ ಮೇ ತಿಂಗಳ ಗುಡುಗು ಮಳೆ ಒಂದು ಊರಿನ ಅರ್ಧಕ್ಕೆ ಸುರಿದು ಇನ್ನರ್ಧಕ್ಕೆ ಧೂಳು ಬಿಟ್ಟು ಹೋಗುತ್ತದೆ. ಒಂದೇ ಮಾಪಕ ಜಾಲ ಜುಲೈಗೆ ದಟ್ಟವಾಗಿಯೂ ಮೇ ತಿಂಗಳಿಗೆ ವಿರಳವಾಗಿಯೂ ಇರುವುದು ಹೀಗೆ.

ಮುಂದಿನದು ಐಡೆಂಟಿಫೈ. ನೀಲಿ ವೃತ್ತದೊಳಗೆ ‘ಐ’ ಅಕ್ಷರವಿರುವ ಬಟನ್. ಅದನ್ನು ಒತ್ತಿ ನಕ್ಷೆಯ ಯಾವುದೇ ಜಾಗದಲ್ಲಿ ಕ್ಲಿಕ್ ಮಾಡಿದರೆ ಅಲ್ಲಿಯ ಮೌಲ್ಯ ಬರುತ್ತದೆ. ನನ್ನ ಮಟ್ಟಿಗೆ ಇಡೀ ಟೂಲ್‌ಬಾರಿನಲ್ಲಿ ಅತಿ ಹೆಚ್ಚು ಕಲಿಸುವ ಬಟನ್ ಇದೇ. ಮಾಪಕಗಳ ಚುಕ್ಕೆಯ ಪದರವನ್ನು ಆರಿಸಿಕೊಂಡು ಕ್ಲಿಕ್ ಮಾಡಿದರೆ ಯಾರೋ ಒಬ್ಬರು ಅಥವಾ ಒಂದು ಯಂತ್ರ ನಿಜವಾಗಿ ಅಳೆದ ಅಂಕಿ ಸಿಗುತ್ತದೆ. ಬಣ್ಣದ ಮೇಲ್ಮೈಯ ಪದರವನ್ನು ಆರಿಸಿಕೊಂಡು ಕ್ಲಿಕ್ ಮಾಡಿದರೆ ದಶಮಾಂಶದ ನಂತರ ಆರೇಳು ಸ್ಥಾನಗಳಿರುವ ಒಂದು ಲೆಕ್ಕ ಸಿಗುತ್ತದೆ. ಅಳೆದ ಅಂಕಿ ಒಂದು ದಶಮಾಂಶಕ್ಕೆ ನಿಲ್ಲುತ್ತದೆ, ಊಹಿಸಿದ ಅಂಕಿ ಏಳಕ್ಕೂ ನಿಲ್ಲುವುದಿಲ್ಲ! ಎರಡು ಪದರಗಳ ಮೇಲೂ ಹೀಗೆ ಕ್ಲಿಕ್ಕಿಸುತ್ತ ಅರ್ಧ ಗಂಟೆ ಕಳೆದವರಿಗೆ ಅಳತೆಗೂ ಅಂದಾಜಿಗೂ ಇರುವ ವ್ಯತ್ಯಾಸವನ್ನು ಬೇರೆ ಯಾರೂ ಹೇಳಿಕೊಡಬೇಕಿಲ್ಲ.

ಈಗ ಅಂದಾಜು ಮಾಡುವ ಸಲಕರಣೆಗಳಿಗೆ ಬರೋಣ. ಅತ್ಯಂತ ಹಳೆಯದು, ಅತ್ಯಂತ ಸರಳವಾದದ್ದು ಥೀಸನ್ ಬಹುಭುಜಗಳು. ಪ್ರತಿ ಜಾಗವನ್ನೂ ಅದಕ್ಕೆ ಅತಿ ಹತ್ತಿರದ ಮಾಪಕಕ್ಕೆ ಒಪ್ಪಿಸಿಬಿಡುವುದು ಇದರ ತತ್ವ. ಅಮೆರಿಕದ ಹವಾಮಾನ ತಜ್ಞ ಆಲ್ಫ್ರೆಡ್ ಥೀಸನ್ 1911ರಲ್ಲಿ ದೊಡ್ಡ ಪ್ರದೇಶಗಳ ಸರಾಸರಿ ಮಳೆ ತೆಗೆಯಲು ಇದನ್ನು ಸೂಚಿಸಿದರು. ಅದಕ್ಕೂ ಮೂರು ವರ್ಷ ಮೊದಲು ಗಣಿತಜ್ಞ ವೊರೊನೊಯ್ ಇದೇ ಆಕೃತಿಗಳನ್ನು ಅಧ್ಯಯನ ಮಾಡಿದ್ದರಿಂದ ಕ್ಯೂಜಿಐಎಸ್‌ನಲ್ಲಿ ಬಟನ್‌ಗೆ ಅವರ ಹೆಸರಿದೆ. ಇದು ಮಾಡುವ ಉಪಕಾರವನ್ನು ಒಂದು ಕಲ್ಪಿತ ತಾಲ್ಲೂಕಿನ ಮೇಲೆ ನೋಡಬಹುದು. ಮೂರು ಮಾಪಕಗಳು 40, 60, 200 ಮಿ.ಮೀ. ತೋರಿಸಿವೆ. ಸುಮ್ಮನೆ ಕೂಡಿ ಮೂರರಿಂದ ಭಾಗಿಸಿದರೆ ಸರಾಸರಿ 100. ಆದರೆ ಮೊದಲನೆಯ ಮಾಪಕದ ಬಹುಭುಜ ತಾಲ್ಲೂಕಿನ ಅರ್ಧವನ್ನು, ಎರಡನೆಯದು ನೂರಕ್ಕೆ 40 ಭಾಗವನ್ನು, ಘಟ್ಟದ ಅಂಚಿನ ಮೂರನೆಯದು ನೂರಕ್ಕೆ 10 ಭಾಗವನ್ನು ಆವರಿಸಿದ್ದರೆ ತೂಕ ಹಾಕಿದ ಸರಾಸರಿ 64ಕ್ಕೆ ಇಳಿಯುತ್ತದೆ. ವ್ಯತ್ಯಾಸ 36 ಮಿ.ಮೀ. ತಾಲ್ಲೂಕು ಸಾವಿರ ಚದರ ಕಿಲೋಮೀಟರ್ ಇದ್ದರೆ ಆ 36 ಮಿಲಿಮೀಟರಿನ ನೀರು ಒಂದೂಕಾಲು ಟಿಎಂಸಿ. ಕಾವೇರಿ, ಕೃಷ್ಣೆಗಳ ಹೆಸರಿನಲ್ಲಿ ಒಂದೊಂದು ಟಿಎಂಸಿಗೂ ನ್ಯಾಯಾಲಯದ ಮೆಟ್ಟಿಲು ಹತ್ತಿದ ನಾಡು ನಮ್ಮದು. ಯಾವ ಸರಾಸರಿ ಎಂಬ ಪ್ರಶ್ನೆ ಇಲ್ಲಿ ಪುಸ್ತಕದ ಪ್ರಶ್ನೆಯಲ್ಲ.

ಈ ಬಟನ್ ಬಳಸುವಾಗ ಒಂದು ಸಣ್ಣ ಸೂಚನೆ. ಆಕೃತಿಗಳು ಎಲ್ಲಿಯವರೆಗೆ ಹರಡಬೇಕು ಎಂಬ ಖಾನೆಯಲ್ಲಿ ಸೊನ್ನೆ ಇದ್ದರೆ ಬಹುಭುಜಗಳು ಅಂಚಿನ ಮಾಪಕಗಳ ಬಳಿಯೇ ಕತ್ತರಿಸಿ ನಿಲ್ಲುತ್ತವೆ. ಕರಾವಳಿಯ ಪಟ್ಟಿ ನಕ್ಷೆಯ ಹೊರಗೆ ಉಳಿಯಬಹುದು. ಆ ಶೇಕಡಾವಾರನ್ನು ಹೆಚ್ಚಿಸಿ, ಆಮೇಲೆ ಜಿಲ್ಲೆಯ ಗಡಿಗೆ ಕತ್ತರಿಸಿಕೊಳ್ಳಬೇಕು.

ಥೀಸನ್ ವಿಧಾನದ ದೋಷ ಮುಂಬೈಯ ಉದಾಹರಣೆಯಲ್ಲೇ ಕಂಡಿತು. ಗಡಿಯ ಈಚೆಗೆ 944, ಆಚೆಗೆ 73. ಮಳೆ ಹಾಗೆ ಗೆರೆ ಕೊಯ್ದಂತೆ ನಿಲ್ಲುವುದಿಲ್ಲ. ಆದರೂ ನಮ್ಮ ರೈತರ ಬದುಕಿನಲ್ಲಿ ಇಂಥ ಗಡಿಗಳು ನಿಜವಾಗಿಯೇ ಇವೆ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಅಡಿಕೆ, ಕಾಳುಮೆಣಸಿನ ಬೆಳೆಗಾರರಿಗೆ ಪರಿಹಾರ ತೀರ್ಮಾನವಾಗುವುದು ಗ್ರಾಮ ಪಂಚಾಯಿತಿಯ ಮಳೆಮಾಪಕದ ಅಂಕಿಯ ಮೇಲೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಈ ಕೆಲಸಕ್ಕೆ ಆರು ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಮಾಪಕಗಳನ್ನು ನೆಟ್ಟಿದೆ. ಅವು ಹದಿನೈದು ನಿಮಿಷಕ್ಕೊಮ್ಮೆ ಅಂಕಿ ಕಳಿಸುವಂತೆ ರೂಪಿಸಿದವು. ದೇಶದಲ್ಲಿ ಬೇರೆ ಯಾವ ರಾಜ್ಯಕ್ಕಾದರೂ ಹೊಟ್ಟೆಕಿಚ್ಚು ತರಿಸಬಲ್ಲ ಜಾಲ ಅದು. ಅಲ್ಲಿ ಒಂದು ಮಾಪಕ ಕೆಟ್ಟು ನಿಂತ ವಾರ ಏನಾಗಬೇಕು? ಪಕ್ಕದ ಪಂಚಾಯಿತಿಯ ಅಂಕಿಯನ್ನು ಹಾಗೇ ತೆಗೆದುಕೊಂಡರೆ ಅದು ಥೀಸನ್ ವಿಧಾನ. ಸುತ್ತಲಿನ ಮೂರ್ನಾಲ್ಕು ಪಂಚಾಯಿತಿಗಳ ಅಂಕಿಗಳನ್ನು ದೂರಕ್ಕೆ ತಕ್ಕಂತೆ ಬೆರೆಸಿದರೆ ಇನ್ನೊಂದು ವಿಧಾನ. ಕೊಳೆರೋಗ ಬಂದ ತೋಟದ ಯಜಮಾನನಿಗೆ ಹಣ ಬರುವುದು ಬಾರದಿರುವುದು ಈ ಆಯ್ಕೆಯ ಮೇಲೆ ನಿಂತಿರಬಹುದು. ಆದ್ದರಿಂದಲೇ ಈ ಸಲಕರಣೆಗಳ ಒಳಗುಟ್ಟು ತಜ್ಞರಲ್ಲದವರಿಗೂ ಗೊತ್ತಿರಬೇಕು ಎಂದು ನಾನು ಒತ್ತಿ ಹೇಳುತ್ತೇನೆ.

ದೂರಕ್ಕೆ ತಕ್ಕಂತೆ ಬೆರೆಸುವ ಆ ವಿಧಾನವನ್ನು ತಂತ್ರಾಂಶಗಳಲ್ಲಿ ಐಡಿಡಬ್ಲ್ಯೂ ಎನ್ನುತ್ತಾರೆ. ಹತ್ತಿರದ ಮಾಪಕದ ಮಾತಿಗೆ ಹೆಚ್ಚು ಬೆಲೆ, ದೂರದ್ದಕ್ಕೆ ಕಡಿಮೆ. 1968ರಲ್ಲಿ ಇದನ್ನು ಕಂಪ್ಯೂಟರಿಗೆ ಹೊಂದುವ ಸೂತ್ರವಾಗಿ ಬರೆದ ಡೊನಾಲ್ಡ್ ಶೆಪರ್ಡ್ ಆಗ ಹಾರ್ವರ್ಡ್‌ನ ವಿದ್ಯಾರ್ಥಿ. ನಮ್ಮ ಹವಾಮಾನ ಇಲಾಖೆಯ ಕಾಲು ಡಿಗ್ರಿ ಚೌಕಜಾಲವನ್ನು ಕಟ್ಟಿರುವುದು ಅವರ ವಿಧಾನದಿಂದಲೇ. ಬೆಲೆ ಎಷ್ಟು ಬೇಗ ಇಳಿಯಬೇಕು ಎಂಬುದನ್ನು ಒಂದು ಘಾತಾಂಕ ನಿರ್ಧರಿಸುತ್ತದೆ. ಕ್ಯೂಜಿಐಎಸ್‌ನ ಖಾನೆಯಲ್ಲಿ ಮೊದಲೇ 2 ಎಂದು ತುಂಬಿರುತ್ತದೆ, ಬಹುತೇಕ ಮಂದಿ ಅದನ್ನು ಮುಟ್ಟುವುದೇ ಇಲ್ಲ. ಮುಟ್ಟಿದರೆ ಏನಾಗುತ್ತದೆ ನೋಡೋಣ. 7,500 ಮಿ.ಮೀ. ಮಳೆಯ ಮಾಪಕವೊಂದರಿಂದ 10 ಕಿಲೋಮೀಟರ್, 3,000 ಮಿ.ಮೀ. ಮಳೆಯ ಇನ್ನೊಂದರಿಂದ 20 ಕಿಲೋಮೀಟರ್ ದೂರದಲ್ಲಿ ಒಂದು ಊರಿದೆ. ಘಾತಾಂಕ 2 ಇದ್ದಾಗ ಮೊದಲನೆಯದಕ್ಕೆ ಎರಡನೆಯದರ ನಾಲ್ಕು ಪಟ್ಟು ತೂಕ, ಆ ಊರಿಗೆ 6,600 ಮಿ.ಮೀ. ಘಾತಾಂಕವನ್ನು 1ಕ್ಕೆ ಇಳಿಸಿದರೆ ತೂಕ ಎರಡು ಪಟ್ಟು, ಮಳೆ 6,000. ಅದನ್ನು 4ಕ್ಕೆ ಏರಿಸಿದರೆ ತೂಕ ಹದಿನಾರು ಪಟ್ಟು, ಮಳೆ 7,235. ಊರು ಅದೇ, ಮಾಪಕಗಳು ಅವೇ, ಮೋಡವೂ ಅದೇ. ಒಂದು ಪುಟ್ಟ ಖಾನೆಯಲ್ಲಿನ ಅಂಕಿ ಬದಲಾಗಿದ್ದಕ್ಕೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬಂದುಹೋಯಿತು.

ಇದಕ್ಕಿಂತ ಗಂಭೀರವಾದ ತೊಂದರೆಯೆಂದರೆ ಈ ಲೆಕ್ಕಕ್ಕೆ ದಿಕ್ಕು ತಿಳಿಯದು. ಆಗುಂಬೆಯಿಂದ ಪಶ್ಚಿಮಕ್ಕೆ ಘಾಟಿಯ ತಿರುವುಗಳನ್ನು ಇಳಿದರೆ ಸೋಮೇಶ್ವರ, ಪೂರ್ವಕ್ಕೆ ಹೋದರೆ ತೀರ್ಥಹಳ್ಳಿಯ ದಾರಿ. ಅರಬ್ಬಿ ಸಮುದ್ರದಿಂದ ಬರುವ ಗಾಳಿ ಘಟ್ಟಕ್ಕೆ ಎದುರಾಗಿ ಮೇಲೇರಿ, ತಣಿದು, ಅಲ್ಲೇ ನೀರು ಸುರಿಸುತ್ತದೆ. ನೆತ್ತಿ ದಾಟಿದ ಮೇಲೆ ಗಾಳಿ ಇಳಿಯುತ್ತ ಬಿಸಿಯಾಗಿ, ಮೋಡ ತೆಳುವಾಗುತ್ತದೆ. ಹತ್ತು ಕಿಲೋಮೀಟರ್ ಪಶ್ಚಿಮವೂ ಹತ್ತು ಕಿಲೋಮೀಟರ್ ಪೂರ್ವವೂ ಮಳೆಯ ಮಟ್ಟಿಗೆ ಬೇರೆ ಬೇರೆ ದೇಶಗಳು. ಐಡಿಡಬ್ಲ್ಯೂಗೆ ಎರಡೂ ಬರೀ ಹತ್ತು ಕಿಲೋಮೀಟರ್. ಹಾಗಾಗಿ ನಕ್ಷೆಯಲ್ಲಿ ಪ್ರತಿ ಮಾಪಕದ ಸುತ್ತಲೂ ಕೊಳಕ್ಕೆ ಕಲ್ಲೆಸೆದಾಗ ಏಳುವಂಥ ಉಂಗುರಗಳು ಕಾಣಿಸಿಕೊಳ್ಳುತ್ತವೆ. ಮಳೆ ನಕ್ಷೆಯಲ್ಲಿ ದುಂಡನೆಯ ಉಂಗುರ ಕಂಡ ಕೂಡಲೇ ಅದು ಮೋಡದ ಆಕಾರವಲ್ಲ, ಸೂತ್ರದ ಆಕಾರ ಎಂದು ಗುರುತಿಸಬೇಕು. ನ್ಯಾಯವಾಗಿ ಹೇಳಬೇಕೆಂದರೆ ಶೆಪರ್ಡ್ ತಮ್ಮ ಮೂಲ ವಿಧಾನದಲ್ಲಿ ದಿಕ್ಕನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದರು. ಟೂಲ್‌ಬಾಕ್ಸಿಗೆ ಬಂದು ಬಟನ್ ಆಗುವಷ್ಟರಲ್ಲಿ ದೂರ ಮಾತ್ರ ಉಳಿಯಿತು.

ಇನ್ನೊಂದು ಮಿತಿಯೂ ಇದೆ. ಈ ವಿಧಾನ ಕೊಡುವ ಅಂಕಿ ಅತಿ ಹೆಚ್ಚು ಮಳೆಯ ಮಾಪಕವನ್ನು ಎಂದೂ ಮೀರುವುದಿಲ್ಲ, ಅತಿ ಕಡಿಮೆಯದರ ಕೆಳಗೂ ಹೋಗುವುದಿಲ್ಲ. ಮಾಪಕಗಳಿರುವುದು ಜನರಿರುವ ಕಡೆ. ಕುದುರೆಮುಖದ, ಕೊಡಚಾದ್ರಿಯ ದಟ್ಟ ಕಾಡಿನ ಇಳಿಜಾರುಗಳಲ್ಲಿ ಆಗುಂಬೆಗಿಂತ ಹೆಚ್ಚು ಸುರಿದರೂ ನಕ್ಷೆ ಅದನ್ನು ಒಪ್ಪಿಕೊಳ್ಳುವ ದಾರಿಯೇ ಇಲ್ಲ.

ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳಲ್ಲಿ ಹುಟ್ಟಿದ ವಿಧಾನವೊಂದು ಇಲ್ಲಿ ಸ್ವಲ್ಪ ಮುಂದೆ ಹೋಗುತ್ತದೆ. ಗಣಿ ಎಂಜಿನಿಯರ್ ಡ್ಯಾನಿ ಕ್ರೀಗೆ ಕೆಲವೇ ಕೊರೆತಗಳಿಂದ ಅದಿರಿನ ಹರವನ್ನು ಅಂದಾಜು ಮಾಡಲು 1951ರಲ್ಲಿ ಹಾಕಿದ ಬುನಾದಿಯ ಮೇಲೆ ಫ್ರಾನ್ಸಿನ ಜಾರ್ಜ್ ಮಾಥೆರೋನ್ ಗಣಿತ ಕಟ್ಟಿ ಅದಕ್ಕೆ ಕ್ರಿಗಿಂಗ್ ಎಂದು ಹೆಸರಿಟ್ಟರು. ದೂರ ಹೆಚ್ಚಿದಂತೆ ಎರಡು ಅಳತೆಗಳ ನಂಟು ಎಷ್ಟು ಸಡಿಲವಾಗುತ್ತದೆ ಎಂಬುದನ್ನು ಇದು ದತ್ತಾಂಶದಿಂದಲೇ ಕಲಿಯುತ್ತದೆ. ನನಗೆ ಇದರಲ್ಲಿ ಅತಿ ಮೆಚ್ಚುಗೆಯಾಗುವುದು ಬೇರೆಯದೇ ಒಂದು ಗುಣ: ಅಂದಾಜಿನ ಜೊತೆಗೆ ಆ ಅಂದಾಜು ಎಷ್ಟು ಅಸ್ಥಿರ ಎಂಬ ಎರಡನೆಯ ನಕ್ಷೆಯನ್ನೂ ಅದು ಕೊಡುತ್ತದೆ. ಎತ್ತರದಂಥ ಇನ್ನೊಂದು ಮಾಹಿತಿಯನ್ನು ಜೊತೆಗೆ ಸೇರಿಸುವ ಬಗೆಗಳೂ ಇವೆ. ಎತ್ತರದ ಅಂಕಿಗಳಿಗೇನೂ ಕೊರತೆಯಿಲ್ಲ. 2000ದ ಫೆಬ್ರವರಿಯಲ್ಲಿ ಎಂಡೆವರ್ ನೌಕೆ ಹನ್ನೊಂದು ದಿನ ಭೂಮಿಯನ್ನು ಸುತ್ತಿ ರೇಡಾರಿನಿಂದ ಅಳೆದ ಎತ್ತರಗಳು ಯಾರಿಗಾದರೂ ಉಚಿತವಾಗಿ ಸಿಗುತ್ತವೆ. 2022ರಲ್ಲಿ ಕ್ಯೂಜಿಐಎಸ್‌ಗೆ ಬಂದ ಪಾರ್ಶ್ವನೋಟದ ಸಲಕರಣೆಯಿಂದ ಉಡುಪಿಯ ಕಡಲ ದಂಡೆಯಿಂದ ಆಗುಂಬೆ, ತೀರ್ಥಹಳ್ಳಿ, ಶಿವಮೊಗ್ಗಗಳ ಮೇಲೆ ಹಾದು ಚಿತ್ರದುರ್ಗದವರೆಗೆ ಗೆರೆ ಎಳೆಯಿರಿ. ಗೋಡೆಯಂತೆ ಎದ್ದು ನಿಲ್ಲುವ ಘಟ್ಟ, ಅದರ ಹಿಂದೆ ನಿಧಾನಕ್ಕೆ ಇಳಿಯುವ ಪ್ರಸ್ಥಭೂಮಿ ಕಾಣುತ್ತದೆ. ಅದರ ಕೆಳಗೆ ಅದೇ ಗೆರೆಯ ಮಳೆಯ ಅಂಕಿಗಳನ್ನಿಟ್ಟು ನೋಡಿದರೆ ಮಳೆ ನೆರಳು ಎಂಬುದನ್ನು ವಿವರಿಸಲು ಬೇರೆ ಚಿತ್ರ ಬೇಡ. ಶಾಲೆಗಳಲ್ಲಿ ಭೂಗೋಳ ಕಲಿಸುವವರು ಈ ಒಂದು ಕೆಲಸವನ್ನಾದರೂ ಮಕ್ಕಳ ಕೈಯಲ್ಲಿ ಮಾಡಿಸಬೇಕು.

ಉಪಗ್ರಹವೇ ಎಲ್ಲ ಕಡೆಯ ಮಳೆಯನ್ನೂ ನೋಡುತ್ತಿರುವಾಗ ಈ ಊಹೆಯ ಗೊಡವೆ ಯಾಕೆ ಎಂದು ಕೇಳಬಹುದು. 2014ರಲ್ಲಿ ಮೇಲೇರಿದ ಜಿಪಿಎಂ ಉಪಗ್ರಹವನ್ನು ಆಧಾರವಾಗಿಟ್ಟುಕೊಂಡು ಅರ್ಧ ಗಂಟೆಗೊಂದರಂತೆ ಜಗತ್ತಿನ ಮಳೆ ನಕ್ಷೆ ಸಿದ್ಧವಾಗುತ್ತದೆ, ಒಂದು ಚೌಕ ಸುಮಾರು 11 ಕಿಲೋಮೀಟರ್ ಅಗಲ. ಆದರೆ ನೆಲದ ಮೇಲಿನ ಮಳೆಯನ್ನು ಸೂಕ್ಷ್ಮತರಂಗಗಳಲ್ಲಿ ಗುರುತಿಸುವಾಗ ಉಪಗ್ರಹ ಹೆಚ್ಚಾಗಿ ನಂಬುವುದು ಮೋಡದ ಮೇಲ್ಭಾಗದ ಹಿಮಕಣಗಳನ್ನು. ಪಶ್ಚಿಮ ಘಟ್ಟದ ಮುಂಗಾರಿನ ಎಷ್ಟೋ ಮೋಡಗಳು ಗಿಡ್ಡ, ಬೆಚ್ಚಗಿನವು, ಹಿಮ ಕಡಿಮೆ. ಸುರಿಯುವುದು ಮಾತ್ರ ಧಾರಾಕಾರ. ಹಾಗಾಗಿ ಮಳೆ ಅತಿ ಹೆಚ್ಚಿರುವ ಕಡೆಯೇ ಉಪಗ್ರಹ ಅದನ್ನು ಕಡಿಮೆ ಅಂದಾಜು ಮಾಡುವುದುಂಟು. ನೆಲದ ಮಾಪಕಕ್ಕೆ ಬಿಡುವು ಇನ್ನೂ ಸಿಕ್ಕಿಲ್ಲ.

ಸಮಮಳೆ ರೇಖೆಗಳನ್ನು ಎಳೆಯುವ ಬಟನ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸಮಾನ ಮೌಲ್ಯದ ಜಾಗಗಳನ್ನು ಗೆರೆಯಿಂದ ಜೋಡಿಸುವ ಉಪಾಯವನ್ನು 1701ರಲ್ಲಿ ಎಡ್ಮಂಡ್ ಹ್ಯಾಲಿ ದಿಕ್ಸೂಚಿಯ ವಾಲಿಕೆಗೆ ಬಳಸಿದ್ದರು. ಈಗ ಯಂತ್ರ ಕ್ಷಣದಲ್ಲಿ ಎಳೆಯುತ್ತದೆ. ಹಿಂದೆ ಕೈಯಿಂದ ಎಳೆಯುತ್ತಿದ್ದವರು ಘಟ್ಟದ ಸಾಲನ್ನು ಮನಸ್ಸಿನಲ್ಲಿಟ್ಟುಕೊಂಡು ಗೆರೆಯನ್ನು ಬಾಗಿಸುತ್ತಿದ್ದರು. ಆ ಅರಿವು ಯಂತ್ರಕ್ಕೆ ತಾನಾಗಿ ಬರುವುದಿಲ್ಲ, ಎತ್ತರದ ಪದರದ ಮೂಲಕ ನಾವೇ ಕೊಡಬೇಕು.

ಬಣ್ಣದ ಮಾತು ಉದ್ದವಾಗುತ್ತದೆ, ಆಗಲಿ. ನಕ್ಷೆ ನೋಡುವವರಲ್ಲಿ ಹೆಚ್ಚಿನವರು ಓದುವುದು ಬಣ್ಣವನ್ನೇ. ಐದು ಬಣ್ಣಗಳಿಗೆ ಸಮ ಅಂತರದ ವರ್ಗಗಳು ಎಂದು ಆರಿಸಿದರೆ 500ರಿಂದ 7,500ರವರೆಗಿನ ಮಳೆ 1,400ರ ಮೆಟ್ಟಿಲುಗಳಾಗಿ ಒಡೆಯುತ್ತದೆ. ಮೊದಲ ಮೆಟ್ಟಿಲು 1,900ಕ್ಕೆ ಮುಗಿಯುತ್ತದೆ. ಬಳ್ಳಾರಿ, ಬೆಂಗಳೂರು, ಮೈಸೂರು, ಬೆಳಗಾವಿ ಎಲ್ಲವೂ ಒಂದೇ ಬಣ್ಣ! ರಾಜ್ಯದ ಬಯಲುಸೀಮೆಯ ರೈತನಿಗೆ 500ಕ್ಕೂ 900ಕ್ಕೂ ಇರುವ ವ್ಯತ್ಯಾಸವೇ ಬದುಕು, ನಕ್ಷೆಗೆ ಅದು ಕಾಣುವುದೇ ಇಲ್ಲ. ಅದರ ಬದಲು ಪ್ರತಿ ವರ್ಗಕ್ಕೂ ಸಮನಾದ ನೆಲ ಎಂಬ ಆಯ್ಕೆ ಒತ್ತಿದರೆ ಬಯಲುಸೀಮೆಯ ಸೂಕ್ಷ್ಮಗಳು ಚೆನ್ನಾಗಿ ಮೂಡುತ್ತವೆ. ಆದರೆ ಆಗ ಎರಡು ಸಾವಿರ ದಾಟಿದ ಊರೂ ಏಳು ಸಾವಿರದ ಆಗುಂಬೆಯೂ ಒಂದೇ ಕಡುನೀಲಿಯಲ್ಲಿ ಬೆರೆಯುತ್ತವೆ. ಇನ್ನೊಂದು ಆಯ್ಕೆ ಮೇಲಿನ ಮತ್ತು ಕೆಳಗಿನ ನೂರಕ್ಕೆ ಎರಡು ಭಾಗವನ್ನು ಬಿಟ್ಟು ಬಣ್ಣ ಹಂಚುತ್ತದೆ. ಉಪಗ್ರಹ ಚಿತ್ರಗಳಿಗೆ ಅದು ಒಳ್ಳೆಯದು. ಮಳೆಗೆ ಬಳಸಿದರೆ ಯಾವ ತುದಿಗಾಗಿ ನಕ್ಷೆ ಮಾಡಿದೆವೋ ಆ ತುದಿಯನ್ನೇ ಮೊಟಕುಗೊಳಿಸಿದಂತೆ. ತೋರಿಸುವ ತೆರೆಗೆ ತಕ್ಕಂತೆ ಬಣ್ಣ ಹಂಚುವ ಆಯ್ಕೆಯಂತೂ ನಕ್ಷೆಯನ್ನು ಸರಿಸಿದಂತೆಲ್ಲ ಅದೇ ಊರಿಗೆ ಬೇರೆ ಬೇರೆ ಬಣ್ಣ ಬಳಿಯುತ್ತದೆ.

ನನ್ನ ಸಲಹೆ, ಯಂತ್ರ ಕೊಟ್ಟ ವರ್ಗಗಳನ್ನು ಬಿಟ್ಟು ಕೈಯಿಂದಲೇ ಗಡಿಗಳನ್ನು ಬರೆಯಿರಿ. ದಿನದ ಮಳೆಗೆ ಹವಾಮಾನ ಇಲಾಖೆಯ ಗಡಿಗಳಿವೆ: 64.5 ಮಿಲಿಮೀಟರಿನಿಂದ ಭಾರಿ ಮಳೆ, 115.6ರಿಂದ ಅತಿ ಭಾರಿ, 204.5ರಿಂದ ಅತ್ಯಂತ ಭಾರಿ. ವರ್ಷದ ಮಳೆಗೆ ಬೆಳೆಗಳ ಅಗತ್ಯವನ್ನು ನೋಡಿ ಗಡಿ ಹಾಕಬಹುದು. ಕಾಮನಬಿಲ್ಲಿನ ಬಣ್ಣಮಾಲೆಯನ್ನು ಬಿಡುವುದು ಉತ್ತಮ. ಅದರ ಹಳದಿ ವಿನಾಕಾರಣ ಕಣ್ಣಿಗೆ ಹೊಡೆಯುತ್ತದೆ, ಹಸಿರಿನೊಳಗಿನ ಏರಿಳಿತ ಅಡಗಿಹೋಗುತ್ತದೆ, ಕೆಂಪು ಹಸಿರುಗಳ ನಡುವೆ ವ್ಯತ್ಯಾಸ ಕಾಣದ ಕಣ್ಣುಗಳಿಗೆ ಅದು ನಿಷ್ಪ್ರಯೋಜಕ. 2015ರಲ್ಲಿ ಸ್ಟೆಫಾನ್ ವ್ಯಾನ್ ಡೆರ್ ವಾಲ್ಟ್ ಮತ್ತು ನಥಾನಿಯಲ್ ಸ್ಮಿತ್ ರೂಪಿಸಿದ ವಿರಿಡಿಸ್ ಬಣ್ಣಮಾಲೆ ಈ ತೊಂದರೆಗಳಿಲ್ಲದಂತೆ ಲೆಕ್ಕಹಾಕಿ ಮಾಡಿದ್ದು, ಕ್ಯೂಜಿಐಎಸ್‌ನಲ್ಲಿ ಸಿದ್ಧವಾಗಿಯೇ ಇದೆ.

ಪದರಗಳ ನಡುವೆ ಕೂಡುವ ಕಳೆಯುವ ರಾಸ್ಟರ್ ಕ್ಯಾಲ್ಕ್ಯುಲೇಟರ್ ಇನ್ನೊಂದು ಶಕ್ತಿಶಾಲಿ ಸಲಕರಣೆ. ಈ ವರ್ಷದ ಮಳೆಯಿಂದ ವಾಡಿಕೆ ಮಳೆಯನ್ನು ಕಳೆದು, ವಾಡಿಕೆಯಿಂದ ಭಾಗಿಸಿ, ನೂರರಿಂದ ಗುಣಿಸಿದರೆ ಪತ್ರಿಕೆಗಳಲ್ಲಿ ಬರುವ ಕೊರತೆ ಹೆಚ್ಚಳದ ನಕ್ಷೆ ಸಿದ್ಧ. ಇಲಾಖೆಯ ಲೆಕ್ಕದಲ್ಲಿ ಮೈನಸ್ 19ರಿಂದ ಪ್ಲಸ್ 19 ಶೇಕಡಾವರೆಗೆ ಸಾಮಾನ್ಯ, ಮೈನಸ್ 20ರಿಂದ 59ರವರೆಗೆ ಕೊರತೆ, ಮೈನಸ್ 60ರಿಂದ ಕೆಳಗೆ ತೀವ್ರ ಕೊರತೆ. ಇಲ್ಲಿ ಗಮನಿಸಬೇಕಾದ್ದು, ಶೇಕಡಾ 30ರ ಕೊರತೆ ಆಗುಂಬೆಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಿಲಿಮೀಟರ್, ಆದರೂ ಅಲ್ಲಿ ಇನ್ನೂ ಐದು ಸಾವಿರ ಉಳಿದಿರುತ್ತದೆ. ಚಿತ್ರದುರ್ಗದಲ್ಲಿ ಅದೇ ಶೇಕಡಾ 30 ಬರೀ 180 ಮಿಲಿಮೀಟರ್, ಶೇಂಗಾ ಬೆಳೆ ಹೊಲದಲ್ಲೇ ಒಣಗಲು ಅಷ್ಟು ಸಾಕು. ಎರಡಕ್ಕೂ ನಕ್ಷೆ ಒಂದೇ ಕೆಂಪು ಬಳಿಯುತ್ತದೆ. ಶೇಕಡಾವಾರಿನ ನಕ್ಷೆಯ ಪಕ್ಕದಲ್ಲಿ ಮಿಲಿಮೀಟರಿನ ನಕ್ಷೆಯನ್ನೂ ಇಡದೆ ಪ್ರಕಟಿಸಬಾರದು.

ಕೊನೆಯದಾಗಿ, ಬಟನ್ ಆಗಿ ಎದುರಿಗೆ ಕಾಣದ ಒಂದು ಕೆಲಸ. ನಿಮ್ಮ ಪಟ್ಟಿಯಿಂದ ಒಂದು ಮಾಪಕವನ್ನು ತೆಗೆದುಹಾಕಿ ನಕ್ಷೆ ಮಾಡಿ. ತೆಗೆದುಹಾಕಿದ ಜಾಗದಲ್ಲಿ ನಕ್ಷೆ ಎಷ್ಟು ಮಳೆ ಹೇಳುತ್ತದೆ ಎಂದು ಐಡೆಂಟಿಫೈ ಒತ್ತಿ ನೋಡಿ, ನಿಜವಾದ ಅಳತೆಯ ಜೊತೆ ಹೋಲಿಸಿ. ಆ ಮಾಪಕವನ್ನು ಮರಳಿ ಸೇರಿಸಿ ಇನ್ನೊಂದನ್ನು ತೆಗೆಯಿರಿ. ಹೀಗೆ ಎಲ್ಲ ಮಾಪಕಗಳಿಗೂ. ನೂರಾರು ಮಾಪಕಗಳಿದ್ದರೆ ಪೈಥಾನ್‌ನ ಕೆಲವು ಸಾಲುಗಳು ಇದನ್ನು ತಾವಾಗಿ ಮಾಡಿಮುಗಿಸುತ್ತವೆ. ಆಗ ಪ್ರತಿ ಚುಕ್ಕೆಗೂ ಒಂದು ತಪ್ಪಿನ ಅಂಕಿ ಸಿಗುತ್ತದೆ. ಘಾತಾಂಕ 1 ಒಳ್ಳೆಯದೋ 2 ಒಳ್ಳೆಯದೋ, ಥೀಸನ್ ಸಾಕೋ ಕ್ರಿಗಿಂಗ್ ಬೇಕೋ ಎಂಬ ವಾದಗಳಿಗೆ ಉತ್ತರ ಆ ಅಂಕಿಗಳಲ್ಲಿರುತ್ತದೆ. ಬಯಲುಸೀಮೆಯಲ್ಲಿ ತಪ್ಪು ಚಿಕ್ಕದಾಗಿ, ಘಟ್ಟದ ಅಂಚಿನುದ್ದಕ್ಕೂ ದೊಡ್ಡದಾಗಿ ಬರುವುದನ್ನು ನಿರೀಕ್ಷಿಸಬಹುದು. ಆಗುಂಬೆಯನ್ನು ತೆಗೆದಾಗಲಂತೂ ಐಡಿಡಬ್ಲ್ಯೂ ನಕ್ಷೆ ಸುತ್ತಲಿನ ಮಾಪಕಗಳ ಗರಿಷ್ಠವನ್ನು ದಾಟಲಾರದೆ ಬಹಳ ಕೆಳಗೆ ನಿಂತುಬಿಡುತ್ತದೆ. ಈ ತಪ್ಪುಗಳನ್ನೂ ಒಂದು ಪದರವಾಗಿ ಮಾಡಿ, ಚುಕ್ಕೆಯ ಗಾತ್ರದಲ್ಲಿ ತೋರಿಸಿ, ಮಳೆ ನಕ್ಷೆಯ ಜೊತೆಗೇ ಕೊಡಬೇಕು. ವಿಮೆಯ ಕಚೇರಿಯಲ್ಲಿ ಕೂತವರಿಗೆ ಯಾವ ಪಂಚಾಯಿತಿಯ ಅಂದಾಜನ್ನು ಎಷ್ಟು ನಂಬಬಹುದೆಂದು ಅದು ತಿಳಿಸುತ್ತದೆ. ಹೊಸ ಮಳೆಮಾಪಕಕ್ಕೆ ಹಣ ಮಂಜೂರಾದಾಗ ಅದನ್ನು ಎಲ್ಲಿ ನೆಡಬೇಕೆಂದು ಕೇಳುವವರಿಗೂ ಅದೇ ಪದರದ ಅತಿ ದೊಡ್ಡ ಚುಕ್ಕೆಗಳ ಸುತ್ತಮುತ್ತಲ ಊರುಗಳ ಹೆಸರು ಕೊಡಬಹುದು.